ಮೂರನೇ ತೂಬಿನ ಮಂಗಳವಾರ

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ವಳಕಮದಿನ್ನಿಯ ಮೂರನೇ ತೂಬಿನ ಮುಂದೆ ಹನ್ನೊಂದು ಮಂದಿ ಸಲಿಕೆ ಹಿಡಿದು ನಿಂತಿದ್ದರು. ಕಾಲುವೆ ತುಂಬಿ ಹರಿಯುತ್ತಿತ್ತು. ಹೊಲಕ್ಕೆ ಮಾತ್ರ ಒಂದು ಹನಿ ಇಳಿದಿರಲಿಲ್ಲ.

ತೂಬಿನ ಬಾಗಿಲಿಗೆ ಬೀಗ ಬಿದ್ದಿತ್ತು. ಅದರ ಕೀಲಿ ಕಾಲುವೆ ಕಾಯುವ ಲಸ್ಕರ್ ಮುದುಕಪ್ಪನ ಉಡದಾರದಲ್ಲಿತ್ತು. ಮುದುಕಪ್ಪ ಸೈಕಲ್ಲಿಗೆ ಒರಗಿಕೊಂಡು ನಿಂತಿದ್ದ.

"ತಗೀ ಮತ್ತ, ಏನ್ ನೋಡಾಕತ್ತಿ?" ಎಂದಳು ತಿಮ್ಮವ್ವ. ಅವಳ ನಾಲ್ಕು ಸಸಿ ಮಡಿಗಳು ವಾರದಿಂದ ಈ ದಿನಕ್ಕೇ ಕಾದಿದ್ದವು.

"ತಗಿಯಾಂಗಿಲ್ಲವ್ವ. ಇವತ್ತು ಏಳನೇ ತೂಬಿಂದು ಸರದಿ. ನಿಮ್ಮದು ಶುಕ್ರವಾರ."

"ಯಾರು ಹೇಳ್ಯಾರ? ನಮ್ಮದು ಮಂಗಳವಾರ ಅಂತ ಕಳದ ವಾರನ ಠರಾವು ಆಗೈತಿ."

ಮುದುಕಪ್ಪ ಜೇಬಿನಿಂದ ಕಾಗದ ತೆಗೆದು ಬಿಡಿಸಿದ. ಕಂಪ್ಯೂಟರಿನಿಂದ ಬಂದ ಪಟ್ಟಿ. ಮೇಲೆ ವಳಕಮದಿನ್ನಿ ಎಂದಿತ್ತು. ಒಂದರಿಂದ ಒಂಬತ್ತರವರೆಗೆ ತೂಬುಗಳು, ಎದುರಿಗೆ ವಾರ, ಗಂಟೆ. ಮೂರನೇ ತೂಬಿನ ಎದುರಿಗೆ ಶುಕ್ರವಾರ. ಏಳನೆಯದರ ಎದುರಿಗೆ ಮಂಗಳವಾರ. ಕೆಳಗೆ ಸಹಿ: ಅಮರಮ್ಮ.

ಹನ್ನೊಂದು ಮಂದಿಯೂ ಒಂದೇ ವಿಷಯ ನೆನೆದರು. ಬಾಯಿಬಿಟ್ಟು ಹೇಳಿದವಳು ತಿಮ್ಮವ್ವ.

"ಏಳನೇ ತೂಬಿನ ಕೆಳಗ ಅಮರಿ ಅಣ್ಣನ ಹೊಲ ಐತಲ್ಲೇನು?"

ಆ ಹೊತ್ತಿಗೆ ಸಿಂಧನೂರಿನ ಬಸ್ಸು ಹಿಡಿಯಲು ಅಮರಮ್ಮ ಊಟದ ಡಬ್ಬಿ ಹಿಡಿದು ತೂಬಿನ ಎದುರಿನ ಬಸ್ ಕಟ್ಟೆಗೆ ಬಂದಳು. ಇಪ್ಪತ್ತೊಂದು ವರ್ಷದ ಹುಡುಗಿ. ಊರಿನಿಂದ ಕಂಪ್ಯೂಟರ್ ಕೆಲಸಕ್ಕೆ ಹೋದ ಮೊದಲನೆಯವಳು. ಎಲ್ಲರ ಮುಂದೆ ತಿಮ್ಮವ್ವ ಅವಳನ್ನು ನೀರುಗಳ್ಳಿ ಎಂದಳು.

*

ಅದು ೧೯೯೫ರ ಶ್ರಾವಣ. ಆ ಹಂಗಾಮಿಗೆ ಕಾಲುವೆಗೆ ನೀರು ಬಿಟ್ಟ ಮೊದಲ ವಾರ. ಸಿಂಧನೂರಿನಲ್ಲಿ ರೈತರು ಕಟ್ಟಿಕೊಂಡ ನೀರಿನ ಸಂಘದ ಕಚೇರಿಗೆ ಅದೇ ದಿನ ಮಧ್ಯಾಹ್ನ ಸಂಗಮ್ಮ ಬಂದಳು. ಇಪ್ಪತ್ನಾಲ್ಕರ ಹುಡುಗಿ. ಲಿಂಗಸುಗೂರಿನಲ್ಲಿ ಮಲೀಕಸಾಬರ ಕಂಪ್ಯೂಟರ್ ತರಗತಿಯಲ್ಲಿ ಕಲಿತು, ಅಲ್ಲಿಯೇ ಕಲಿಸುತ್ತಿದ್ದಳು. ಈ ಕಚೇರಿಯ ಯಂತ್ರವನ್ನು ಕೂಡಿಸಿದವರು ಮಲೀಕಸಾಬರೇ. ಒಂದು ೪೮೬ ಯಂತ್ರ, ಅದಕ್ಕೆ ಪರದೆ, ಕೀಲಿಮಣೆಯ ಎರಡು ಟರ್ಮಿನಲ್, ಒಂದು ಪ್ರಿಂಟರ್. ಆಪರೇಟಿಂಗ್ ಸಿಸ್ಟಂನ ಒಂದೊಂದು ಸಾಲನ್ನೂ ಅವರು ತಾವೇ ಓದಿ, ತಿದ್ದಿ, ಹೊಂದಿಸಿದ್ದರು.

ಸಂಘದ ಅಧ್ಯಕ್ಷ ಕರಿಬಸಯ್ಯನವರು ಸುತ್ತುಬಳಸಿ ಮಾತಾಡುವವರಲ್ಲ.

"ಹನ್ನೆರಡಕ್ಕ ಹೋಗಿ ನಾನ ಮೂರನೇ ತೂಬು ತಗಿಸೀನಿ. ಅಷ್ಟರಾಗ ತಿಮ್ಮವ್ವನ ಎರಡು ಮಡಿ ಬಾಡಿದ್ವು. ಮಲೀಕಸಾಬರಿಗೆ ಫೋನ್ ಮಾಡಿದ್ದೆ. ಯಂತ್ರ ತಾನಾಗೆ ಪಟ್ಟಿ ತಿದ್ದಂಗಿಲ್ಲ ಅಂದ್ರು, ನಿನ್ನ ಕಳಿಸಿದ್ರು. ನೀ ಅದನ್ನ ಒಂದು ಕಾಗದದಾಗ ಬರದು ಸಹಿ ಮಾಡಿಕೊಡವ್ವ. ಗುರುವಾರ ಸಭಾ ಐತಿ."

"ಸಭೆಯಾಗ ಏನು ಮಾಡ್ತೀರಿ?"

"ಅಮರಮ್ಮನ್ನ ಕೆಲಸದಿಂದ ತಗೀತೀವಿ. ಪೊಲೀಸರ ತನ ಹೋಗಬೇಕೋ ಬ್ಯಾಡೋ, ಮಂದಿ ಹೇಳಿದಂಗ."

ಸಂಗಮ್ಮ ಮೇಜಿನ ಮೇಲಿನ ಬಿಳಿ ಕಾಗದ ನೋಡಿದಳು. ಅದರ ಮೇಲೆ ತನ್ನ ಸಹಿ ಬಿದ್ದರೆ ಒಬ್ಬ ಹುಡುಗಿ ಜೀವಮಾನವಿಡೀ ನೀರುಗಳ್ಳಿ.

"ಯಂತ್ರ ನೋಡ್ದ ಮ್ಯಾಲ ಬರದು ಕೊಡ್ತೀನ್ರಿ," ಎಂದಳು.

ಅಮರಮ್ಮ ಮೊದಲನೇ ಟರ್ಮಿನಲ್‌ನ ಮುಂದೆ ಕೈಕಟ್ಟಿ ಕೂತಿದ್ದಳು. ಡಬ್ಬಿ ಬಿಚ್ಚಿರಲಿಲ್ಲ.

"ಸೋಮವಾರ ಏನೇನು ಮಾಡಿದಿ, ಒಂದೊಂದ ಹೇಳು."

"ಬೆಳಿಗ್ಗೆ ಬಂದು ಪಟ್ಟಿ ಕೆಲಸ ಶುರು ಮಾಡಿದ್ನಿ ಅಕ್ಕಾ. ಎಲ್ಲಕ್ಕಿಂತ ಮೊದಲು ವಳಕಮದಿನ್ನಿ ಪಟ್ಟಿ ಬರತೈತಿ, ಎರಡೂ ಪರದೆಗೆ. ನಾ ವಹಿ ಇಟಗೊಂಡು ಬೆರಳಿಟ್ಟು ಎರಡು ಸಲ ಓದೀನಿ. ಮೂರನೇ ತೂಬು ಮಂಗಳವಾರನ ಇತ್ತು. ಏನೂ ತಿದ್ದೂದು ಇರಲಿಲ್ಲ. ತಿದ್ದಲಿಲ್ಲ. ಆಮ್ಯಾಲ ಪ್ರಿಂಟ್ ಕೊಟ್ಟೆ."

"ಓದಿದ್ದು ಯಾವಾಗ, ಪ್ರಿಂಟ್ ಕೊಟ್ಟಿದ್ದು ಯಾವಾಗ?"

"ಓದಿದ್ದು ಹತ್ತಕ್ಕ. ಪ್ರಿಂಟರು ಖಾಲಿ ಆಗಿದ್ದು ಹನ್ನೊಂದೂವರಿಗೆ. ಅಲ್ಲೀತನ ಪರದೆ ಮ್ಯಾಲ ಹಂಗ ಇತ್ತು. ಕದಲಿಸಿಲ್ಲ."

"ಬಂದ ಕಾಗದ ಓದಿದೇನು?"

ಅಮರಮ್ಮ ತಲೆ ತಗ್ಗಿಸಿದಳು. "ಮುದುಕಪ್ಪ ಕಾಕಾ ಬಾಗಿಲದಾಗ ಸೈಕಲ್ ಹಿಡಕೊಂಡು ನಿಂತಿದ್ದ. ಸಹಿ ಮಾಡಿ ಕೊಟ್ಟುಬಿಟ್ಟೆ."

ಸಂಗಮ್ಮ ಡಿಸ್ಕಿನಲ್ಲಿ ಉಳಿದ ಪಟ್ಟಿಯನ್ನು ತೆರೆದಳು. ಮೂರನೇ ತೂಬು, ಮಂಗಳವಾರ. ಸರಿಯಾಗಿತ್ತು.

ಹಿಂದೆ ನಿಂತಿದ್ದ ಕರಿಬಸಯ್ಯನವರು ಗಂಟಲು ಸರಿಮಾಡಿಕೊಂಡರು. "ನೋಡಿದೇನು? ಡಿಸ್ಕಿನ್ಯಾಗ ಸರಿ, ಕಾಗದದಾಗ ತಪ್ಪು. ತಿದ್ದಿ, ಪ್ರಿಂಟ್ ತಗದು, ಉಳಿಸದ ಬಿಟ್ಟಾಳ. ಜಾಣಿ ಅದಾಳ."

ಸಂಗಮ್ಮ ಎರಡನೇ ಟರ್ಮಿನಲ್‌ನ ಖಾಲಿ ಕುರ್ಚಿ ತೋರಿಸಿದಳು. "ಇಲ್ಲಿ ಯಾರು ಕುಂದರ್ತಾರ?"

"ವೆಂಕೋಬ. ಟೈಪ್ ಮಷೀನಿನ ಕಾಲದಾಂವ. ಮಸ್ಕಿ ಕಡೆ ಪಟ್ಟಿ ಅಂವಂದು. ಇವತ್ತು ರಜಾ."

"ಸೋಮವಾರ ಇದ್ನೇನ್ರಿ?"

"ಇದ್ದ. ಯಾಕ?"

ಸೋಮವಾರ ಇದ್ದವನು ಮಂಗಳವಾರ ಇಲ್ಲ. ಸಂಗಮ್ಮ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಕಚೇರಿಯಲ್ಲಿ ಉಳಿದಿದ್ದ ಸುಳ್ಳು ಪಟ್ಟಿಯ ಪ್ರತಿಯನ್ನು ಮಡಚಿ ಚೀಲದಲ್ಲಿ ಹಾಕಿಕೊಂಡಳು.

*

ಲಿಂಗಸುಗೂರಿನ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಸಂಗಮ್ಮ ಇಳಿದೇಬಿಟ್ಟಳು. ಮುಂದಿನ ಬಸ್ಸಿಗೆ ಹೋದರಾಯಿತು.

ಸಂಘದ ಮಸ್ಕಿ ಶಾಖೆ ಎಂದರೆ ಒಂದು ಕೋಣೆ, ಒಂದು ಹಳೆಯ ಕಂಪ್ಯೂಟರ್, ಮತ್ತು ಅಲ್ಲಾಭಕ್ಷ್. ವಾರಕ್ಕೊಮ್ಮೆ ಆತ ಮಸ್ಕಿಯ ಪಟ್ಟಿಯನ್ನು ಫ್ಲಾಪಿಗೆ ಹಾಕಿ, ಧೂಳು ಕೂರಬಾರದೆಂದು ಊಟದ ಡಬ್ಬಿಯೊಳಗಿಟ್ಟು, ಸಿಂಧನೂರಿಗೆ ಒಯ್ಯುತ್ತಿದ್ದ.

"ಒಗ್ಗರಣಿ ಮಿರ್ಚಿ ತರಸ್ಲೇನವ್ವ?" ಎಂದ. "ತನಿಖೆ ಆಮ್ಯಾಲ ಮಾಡೀವಂತ."

"ತನಿಖೆ ಅಂತ ಯಾರು ಅಂದ್ರು?"

"ನಿನ್ನ ಮುಖ ಅನ್ನಾಕತ್ತೈತಿ."

ಮಿರ್ಚಿ ಬಂತು. ಸಂಗಮ್ಮ ಸುಳ್ಳು ಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. ಬರೀ ಅಂಕಿ, ವಾರ, ಗಂಟೆ. ಮೂರನೆಯ ಬಾರಿ ಓದುವಾಗ ಒಂದು ಸಾಲಿನಲ್ಲಿ ಬೆರಳು ನಿಂತಿತು. ಶುಕ್ರವಾರ: ಬೆಳಿಗ್ಗೆ ಆರರಿಂದ ಹನ್ನೆರಡೂವರೆ. ಮತ್ತೆ ಎರಡರಿಂದ ಸಂಜೆ ಆರು. ನಡುವೆ ಒಂದೂವರೆ ತಾಸು ನೀರಿಲ್ಲ. ಉಳಿದ ಯಾವ ದಿನಕ್ಕೂ ಹೀಗೆ ನಡುವೆ ಬಿಡುವಿಲ್ಲ.

"ಇದೇನ್ರಿ ಕಾಕಾ? ಶುಕ್ರವಾರ ನಡುವ ಯಾಕ ಬಂದ್ ಐತಿ?"

ಅಲ್ಲಾಭಕ್ಷ್ ಕಾಗದ ನೋಡದೆಯೇ ನಕ್ಕ. "ನಮ್ಮ ಲಸ್ಕರ್ ಮಹಮ್ಮದಸಾಬ ಜುಮ್ಮಾ ನಮಾಜಿಗೆ ಹೋಗ್ತಾನ. ತಗದಿದ್ದ ತೂಬು ಹಂಗ ಬಿಟ್ಟು ಹೋಗಂಗಿಲ್ಲ ಅಂವ. ಬೀಗ ಹಾಕಿ ಹೋಗಿ, ಬಂದು ತಗೀತಾನ. ಅದಕ್ಕ ನಾ ಪಟ್ಟಿಯಾಗ ಹಂಗ ಬರೀತೀನಿ."

"ಇದು ವಳಕಮದಿನ್ನಿ ಪಟ್ಟಿ. ಅಲ್ಲಿ ಲಸ್ಕರು ಮುದುಕಪ್ಪ."

ಅಲ್ಲಾಭಕ್ಷ್‌ನ ನಗು ನಿಂತಿತು. ಕಾಗದ ಎಳೆದುಕೊಂಡ. ತನ್ನ ವಹಿ ತೆಗೆದ. ಇಬ್ಬರೂ ಒಂದೊಂದೇ ಸಾಲು ಹೋಲಿಸಿದರು. ಒಂಬತ್ತು ತೂಬು, ಒಂಬತ್ತು ಸಾಲು. ಒಂದು ಗಂಟೆಯೂ ಆಚೀಚೆ ಇರಲಿಲ್ಲ. ತಲೆಬರಹ ವಳಕಮದಿನ್ನಿಯದು. ಒಡಲು ಮಸ್ಕಿಯದು.

"ಇದು ನಂದ ಪಟ್ಟಿ," ಎಂದ ಅಲ್ಲಾಭಕ್ಷ್, ಮೆಲ್ಲಗೆ. "ಖರೆ ಹೇಳ್ತೀನವ್ವ, ಸೋಮವಾರ ನಾ ವೆಂಕೋಬನ ಕೈಯಾಗ ಫ್ಲಾಪಿ ಕೊಟ್ಟು ಚಾ ಕುಡಿಯಾಕ ಹೋಗೀನಿ. ಅಮರಮ್ಮನ ಟರ್ಮಿನಲ್ ಕಡೆ ಕಾಲ ಇಟ್ಟಿಲ್ಲ."

"ನಿಮ್ಮ ಮ್ಯಾಲ ಅನುಮಾನ ಇಲ್ಲ ಕಾಕಾ. ಇನ್ನೊಬ್ಬರ ಮ್ಯಾಲ ಐತಿ."

ಅಣ್ಣನಿಗೆ ನೀರು ಕೊಡಬೇಕೆಂದಿದ್ದವಳು ಆ ಎರಡು ತೂಬುಗಳ ದಿನಗಳನ್ನು ಅದಲುಬದಲು ಮಾಡಿದ್ದರೆ ಸಾಕಿತ್ತು. ಮಸ್ಕಿಯ ಲಸ್ಕರನ ನಮಾಜಿನ ಹೊತ್ತನ್ನು ಯಾಕೆ ಟೈಪ್ ಹೊಡೆಯುತ್ತಾಳೆ? ಏಳನೇ ತೂಬಿಗೆ ಮಂಗಳವಾರ ಬಂದದ್ದು ಬರೀ ಕಾಕತಾಳೀಯ. ಹಾಗಾದರೆ ಮಸ್ಕಿಯ ಪಟ್ಟಿ ಅಮರಮ್ಮನ ಹಾಳೆಗೆ ಹೇಗೆ ಬಂತು? ಫ್ಲಾಪಿ ಮುಟ್ಟಿದವನು ಒಬ್ಬನೇ. ರಜೆ ಹಾಕಿದ ವೆಂಕೋಬ.

*

ಬುಧವಾರ ವೆಂಕೋಬ ಕೆಲಸಕ್ಕೆ ಬಂದ. ಐವತ್ತೈದರ ಮನುಷ್ಯ. ಹೊಸದಾಗಿ ಬೋಳಿಸಿದ ತಲೆಗೆ ಟವೆಲ್ಲು ಸುತ್ತಿಕೊಂಡಿದ್ದ. ಸಂಗಮ್ಮ ನೇರವಾಗಿ ಕೇಳಿದಳು.

"ನಿನ್ನೆ ಎಲ್ಲಿಗೆ ಹೋಗಿದ್ರಿ?"

"ಮುಕ್ಕುಂದಕ್ಕ ಹೋಗಿದ್ನವ್ವ. ದೊಡ್ಡಪ್ಪ ತೀರಿಕೊಂಡಿದ್ದ. ಅವಗ ಗಂಡು ಮಕ್ಕಳಿಲ್ಲ. ನಾನ ಎಲ್ಲಾ ಮಾಡಬೇಕಿತ್ತು. ನಿನ್ನೆ ಹನ್ನೊಂದನೇ ದಿನ. ಸೋಮವಾರನೂ ಬರಬಾರದಿತ್ತು, ನೀರಿನ ಪಟ್ಟಿ ನಿಂದರಬಾರದಂತ ಬಂದೆ."

ಅನುಮಾನ ಅರ್ಧಕ್ಕೆ ಕುಸಿಯಿತು. ಆದರೂ ಆಕೆ ಬಿಡಲಿಲ್ಲ. "ಸೋಮವಾರ ಮಾಡಿದ್ದನ್ನ ಮಾಡಿದಂಗ ಇನ್ನೊಮ್ಮೆ ಮಾಡ್ರಿ. ಅಮರಮ್ಮ, ನೀನೂ."

ಕರಿಬಸಯ್ಯನವರೂ ನಿಂತು ನೋಡಿದರು. ಅಮರಮ್ಮ ಪಟ್ಟಿ ತೆರೆದಳು, ಓದಿದಳು, ಏನೂ ಮುಟ್ಟಲಿಲ್ಲ. ವೆಂಕೋಬ ಎರಡನೇ ಟರ್ಮಿನಲ್‌ನಲ್ಲಿ ಕೂತು ಕೀಲಿ ಒತ್ತಿದ. ಮಸ್ಕಿಯ ಫ್ಲಾಪಿ ಹಾಕಿದ. ಪಟ್ಟಿ ಬಂತು. ಪ್ರಿಂಟ್ ಕೊಟ್ಟ. ನಂತರ ಅಮರಮ್ಮ ಪ್ರಿಂಟ್ ಕೊಟ್ಟಳು.

ಪ್ರಿಂಟರ್ ಕಿರಗುಟ್ಟುತ್ತ ಸಾಲು ಸಾಲಾಗಿ ಹೊಡೆಯಿತು. ಮೂರನೇ ತೂಬು, ಮಂಗಳವಾರ.

ಸರಿಯಾದ ಪಟ್ಟಿ.

"ಯಂತ್ರದಾಗ ತಕರಾರು ಇಲ್ಲ," ಎಂದರು ಕರಿಬಸಯ್ಯನವರು. "ಇನ್ನ ಬರದು ಕೊಡವ್ವ."

ಅಮರಮ್ಮ ಅಳಲಿಲ್ಲ. ಎದ್ದು ತನ್ನ ಪೆನ್ನು, ಬಾಚಣಿಗೆ, ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರ್ ಎಲ್ಲವನ್ನೂ ಚೀಲಕ್ಕೆ ತುಂಬತೊಡಗಿದಳು. ಕ್ಯಾಲೆಂಡರ್ ಹರಿಯದಂತೆ ಮೂಲೆಯಿಂದ ಮೂಲೆಗೆ ಉಗುರು ಹಾಕಿ ಬಿಡಿಸುತ್ತಿದ್ದಳು. ಸಂಗಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಕಣ್ಣನ್ನು ಕಾಗದದ ಕಡೆ ತಿರುಗಿಸಿದಳು.

ಮೇಜಿನ ಮೇಲೆ ಮಸ್ಕಿಯ ಎರಡು ಪಟ್ಟಿಗಳಿದ್ದವು. ಒಂದು ಸೋಮವಾರದ್ದು, ಒಂದು ಈಗಿನದು. ಈಗಿನದರ ನೆತ್ತಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದಿತ್ತು. ಸೋಮವಾರದ್ದರ ಮೇಲೆ ಇರಲಿಲ್ಲ.

"ವೆಂಕೋಬಣ್ಣ, ಈ ಶ್ರೀ ಫ್ಲಾಪಿಯೊಳಗಿಂದೇನು?"

"ಅಲ್ಲವ್ವ. ಅದು ನಂದು. ಹಾಳಿ ಮುಟ್ಟಿದ ಕೂಡ್ಲೆ ಮೊದಲು ಶ್ರೀ ಬರದು, ಆಮ್ಯಾಲ ಕೆಲಸ. ಟೈಪ್ ಮಷೀನಿನ ಕಾಲದಿಂದ ರೂಢಿ."

"ಸೋಮವಾರ ಬರದಿಲ್ಲ."

"ಸೂತಕ ಇತ್ತಲ್ಲವ್ವ." ಇಷ್ಟು ತಿಳಿಯದವಳನ್ನು ಈಗಲೇ ನೋಡಿದೆ ಎನ್ನುವಂತೆ ವೆಂಕೋಬ ನೋಡಿದ. "ಸೂತಕದಾಗ ಶ್ರೀ ಬರೀತಾರೇನು?"

ಸಂಗಮ್ಮನದು ಲಿಂಗ ಕಟ್ಟಿದ ಮನೆ. ಅಲ್ಲಿ ಸೂತಕ ಹಿಡಿಯುವುದಿಲ್ಲ. ಬೋಳಿಸಿದ ತಲೆ ಕಣ್ಣ ಮುಂದೆಯೇ ಇದ್ದರೂ ಆಕೆಗೆ ಇದು ಹೊಳೆದಿರಲಿಲ್ಲ.

"ಇನ್ನೊಮ್ಮೆ ಮಾಡೂಣು. ಈ ಸಲ ಶ್ರೀ ಬ್ಯಾಡ."

"ನಾ ಒಲ್ಲೆ. ಸೂತಕ ಕಳದೈತಿ. ಸುಮ್ಮ ಸುಮ್ಮನ ಹಂಗ ಶುರು ಮಾಡಬಾರದು."

"ಏಳ್ರಿ ಹಂಗಾರ, ನಾ ಕುಂದರ್ತೀನಿ."

ಎಲ್ಲವೂ ಮೊದಲಿನಿಂದ. ಅಮರಮ್ಮ ವಹಿ ಇಟ್ಟುಕೊಂಡು ಪಟ್ಟಿ ಓದಿದಳು. ಸಂಗಮ್ಮ ಒಂದಕ್ಷರವನ್ನೂ ಒತ್ತದೆ ಫ್ಲಾಪಿ ಹಾಕಿದಳು. ಮಸ್ಕಿಯ ಪಟ್ಟಿ ಬಂತು. ಪಕ್ಕದಲ್ಲಿ ಅಮರಮ್ಮನ ಪರದೆ ಹಾಗೆಯೇ ಇತ್ತು. ಮೂರನೇ ತೂಬು, ಮಂಗಳವಾರ.

"ಪ್ರಿಂಟ್ ಕೊಡು."

ಪ್ರಿಂಟರ್ ಹೊಡೆಯಿತು. ಕರಿಬಸಯ್ಯನವರು ಬಗ್ಗಿ ಓದಿದರು. ಇನ್ನೊಮ್ಮೆ ಓದಿದರು. ತಲೆಬರಹ ವಳಕಮದಿನ್ನಿ. ಮೂರನೇ ತೂಬು, ಶುಕ್ರವಾರ, ಆರರಿಂದ ಹನ್ನೆರಡೂವರೆ.

"ಇದೇನು ಭಾನಾಮತಿ?" ಎಂದರು.

"ಇನ್ನೂ ಗೊತ್ತಿಲ್ಲರಿ. ಆದ್ರ ಅಮರಮ್ಮ ಅಲ್ಲ. ನಿಮ್ಮ ಕಣ್ಣ ಮುಂದ ಆಕಿ ಪ್ರಿಂಟ್ ಕೀಲಿ ಬಿಟ್ಟು ಏನೂ ಮುಟ್ಟಿಲ್ಲ."

"ಆಕಿ ಕುಂತಾಗನ ಆಗೈತಲ್ಲವ್ವ. ಯಾಕ ಅಂತ ಹೇಳಲಿಲ್ಲಂದ್ರ ಸಭಾದಾಗ ಮಂದಿ ನಂಬಂಗಿಲ್ಲ. ಏನರ ಕೈಚಳಕ ಅಂತಾರ."

ಅದು ನಿಜವೇ. ಸಂಗಮ್ಮ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಯಂತ್ರ ಎದ್ದೇಳುವಾಗ ಪರದೆಯ ಮೇಲೆ ಸಾಲುಗಳು ಓಡುತ್ತವೆ. ಅವುಗಳಲ್ಲಿ ಒಂದು ಪ್ರೊಸೆಸರಿನ ಕಂಟ್ರೋಲ್ ರಿಜಿಸ್ಟರಿನಲ್ಲಿ ಏನಿದೆ ಎಂದು ತೋರಿಸುವ ಸಾಲು. ಯಂತ್ರದ ಆರೋಗ್ಯ ನೋಡಲೆಂದು ಮಲೀಕಸಾಬರು ಹಾಕಿದ್ದು. ಎಂಟು ಅಂಕಿ, ಒಂದೊಂದಕ್ಕೂ ನಾಲ್ಕು ಬಿಟ್ಟು. ಬಲದಿಂದ ಐದನೆಯದು, ಸೊನ್ನೆಯಿಂದ ಎಣಿಸಿದರೆ ಹದಿನಾರನೇ ಬಿಟ್ಟು ಕೂರುವ ಅಂಕಿ, ಒಂದು ಇರಬೇಕಿತ್ತು.

ಸೊನ್ನೆ ಇತ್ತು.

ಆ ಬಿಟ್ಟನ್ನು ಯಾರೋ ಇಳಿಸಿದ್ದರು. ಯಾರು ಎಂದು ತಿಳಿಯಲು ಸಿಸ್ಟಂನ ಮೂಲ ಸಾಲುಗಳನ್ನು ತೆರೆದಳು. ಹುಡುಕಲು ಹತ್ತು ನಿಮಿಷ ಸಾಕಾಯಿತು. ಬದಲಾದ ಸಾಲಿನ ಪಕ್ಕದಲ್ಲಿ ಬದಲಿಸಿದವರು ಟಿಪ್ಪಣಿ ಬರೆದಿಟ್ಟಿದ್ದರು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. "ಪ್ರಿಂಟರ್ ನಿಲ್ಲಾಕತ್ತೈತಿ. ಮಂದಿ ಮೂರು ತಾಸಿನಿಂದ ನಿಂತಾರ. ಸದ್ಯಕ್ಕ ತಗದೀನಿ." ಕೆಳಗೆ ಜನವರಿಯ ತಾರೀಖು, ಒಂದು ಹೆಸರು.

ಸಂಗಮ್ಮ ಆ ಹೆಸರನ್ನು ಓದಿ ಪರದೆ ಆರಿಸಿದಳು.

"ಯಾರಂತ?" ಎಂದರು ಕರಿಬಸಯ್ಯನವರು.

"ನಾಳೆ ಸಭೆಯಾಗ ಹೇಳ್ತೀನ್ರಿ." ಚೀಲ ಹೆಗಲಿಗೇರಿಸಿದಳು. "ಅಮರಮ್ಮ, ಕ್ಯಾಲೆಂಡರ್ ಮತ್ತ ಹಚ್ಚು."

*

ಲಿಂಗಸುಗೂರಿನಲ್ಲಿ ಸಂಜೆಯ ಬಿಸಿಲಿತ್ತು. ಮಲೀಕಸಾಬರು ತರಗತಿಯ ಮುಂದಿನ ಕಟ್ಟೆಯ ಮೇಲೆ ಕೂತು ಕೆಟ್ಟ ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ತೊಳೆದು ಅರಿವೆಯ ಮೇಲೆ ಒಣಗಿಸುತ್ತಿದ್ದರು. ಐವತ್ತರ ಆಸುಪಾಸು. ದಪ್ಪ ಕನ್ನಡಕ. ಒಂದು ವರ್ಷ ಕಲಿಸಿ ಸಂಗಮ್ಮನಿಂದ ಪೈಸೆ ತೆಗೆದುಕೊಂಡಿರಲಿಲ್ಲ. ಕೇಳಿದರೆ, ನೀ ಹತ್ತು ಮಂದಿಗೆ ಕಲಿಸು ಎಂದಿದ್ದರು.

"ಬಾ ಬೇಟಿ. ಯಂತ್ರ ಹೆಂಗೈತಿ?"

"ಹದಿನಾರನೇ ಬಿಟ್ ಇಳದೈತ್ರಿ ಸರ್."

ಅವರ ಕೈಯಲ್ಲಿದ್ದ ಗುಂಡಿ ನೀರಿಗೆ ಬಿತ್ತು. ಅದನ್ನು ಹುಡುಕಲಿಲ್ಲ. ಆಕೆ ಹೇಳುತ್ತ ಹೋದಳು. ಮಸ್ಕಿಯ ಪಟ್ಟಿ, ಜುಮ್ಮಾದ ಬಿಡುವು, ವೆಂಕೋಬನ ಶ್ರೀ. ಮಲೀಕಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳದೆ ಕೈಯಲ್ಲಿಯೇ ಹಿಡಿದುಕೊಂಡರು.

"ಜನವರಿಯಾಗ," ಎಂದರು. "ಪ್ರಿಂಟರ್ ನಡಸೋ ತುಣುಕು ನಾನ ಬರದಿದ್ದೆ. ಅದು ಹಾಳಿ ಮ್ಯಾಲ ತಾನ ಒಂದು ಗುರುತು ಬರೀತಿತ್ತು. ಆ ಬಿಟ್ ಏರಿಸಿದ್ರ ಯಂತ್ರ ಅಲ್ಲೇ ಗಪ್ ಅಂತಿತ್ತು. ಮುದುಕರು, ಬಸಿರಿ ಹೆಣ್ಮಕ್ಕಳು, ಎಲ್ಲಾರು ಬಿಸಲಾಗ ಪಾಳಿ ಹಚ್ಚಿದ್ರು. ಬಿಟ್ ಇಳಿಸಿದೆ, ಪ್ರಿಂಟ್ ಬಂತು. ನಾಳಿ ಬಂದು ಸರಿ ಮಾಡ್ತೀನಿ ಅಂದಕೊಂಡೆ."

"ಮರತ್ರಿ."

"ನಡೀತಿತ್ತಲ್ಲ. ನಡೆಯೋದನ್ನ ಯಾರು ನೆನಸ್ತಾರ?" ಎಂದರು. "ನಿನ್ನೆ ಫೋನಿನ್ಯಾಗ ನಾನ ಹೇಳೀನಿ, ಯಂತ್ರ ತಾನಾಗೆ ತಿದ್ದಂಗಿಲ್ಲ ಅಂತ. ಆ ಹುಡುಗಿ ಕೊರಳಿಗೆ ನಾನ ಹಗ್ಗ ಹಾಕೀನಿ."

ಬಸ್ಸಿನಲ್ಲಿ ಬರುವಾಗ ಸಂಗಮ್ಮ ಒಂದು ಮಾತು ಕಟ್ಟಿಕೊಂಡಿದ್ದಳು. ಈಗ ಅದನ್ನು ಆಡಿದಳು. "ಸಭೆಯಾಗ ಹೆಸರು ಹೇಳೂದು ಬ್ಯಾಡ್ರಿ ಸರ್. ಒಂದು ಬಿಟ್ ಇಳದಿತ್ತು ಅಂತೀನಿ. ಅದೂ ಖರೆನ."

"ಬಿಟ್ ತಾನ ಇಳೀತೇನು?"

ಆಕೆ ನೀರಿಗೆ ಬಿದ್ದ ಗುಂಡಿಯನ್ನು ಹುಡುಕಿ ಅರಿವೆಯ ಮೇಲಿಟ್ಟಳು.

"ಕಳ್ಳಿ ಅನ್ನಾಕ ಆ ಹುಡುಗಿ ಹೆಸರು ಸಿಕ್ತು. ತಪ್ಪು ಅನ್ನಾಕ ಬರೀ ಬಿಟ್ ಸಾಕೇನು? ಮಂದಿ ಒಂದು ಹೆಸರಿನ ಜಾಗಾದಾಗ ಇನ್ನೊಂದು ಹೆಸರು ಕೇಳ್ತಾರ, ಬೇಟಿ. ಕೊಡಬೇಕು." ಎದ್ದು ನಿಂತರು. "ಒಳಗ ಬಾ. ಆ ಸಾಲು ಇವತ್ತ ಸರಿ ಮಾಡೂಣು. ನೀ ಓದು, ನಾ ಬರೀತೀನಿ. ನನ್ನ ಕಣ್ಣಿಗಿಂತ ನಿನ್ನವು ಚಲೋ ಅದಾವ."

*

ಗುರುವಾರ ಹನ್ನೊಂದಕ್ಕೆ ಸಂಘದ ಪಡಸಾಲೆ ತುಂಬಿತ್ತು. ವಳಕಮದಿನ್ನಿಯಿಂದ ಇಬ್ಬರು ಮಾತ್ರ ಬಂದಿದ್ದರು. ಉಳಿದವರು ಹೊಲದಲ್ಲಿದ್ದರು. ಅಮರಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಯಂತ್ರದ ಮಾತು ನಮಗ ತಿಳಿಯಂಗಿಲ್ಲ," ಎಂದ ಮುಂದಿನ ಸಾಲಿನ ಒಬ್ಬ ರೈತ. "ತಿಳಿಯಂಗ ಹೇಳವ್ವ."

"ನಮ್ಮ ಅಜ್ಜಿ ಮುದಗಲ್‌ದಾಕಿ," ಎಂದಳು ಸಂಗಮ್ಮ. "ಆಕಿ ಹೇಳಿದ ಕಥಿಯಂಗ ಹೇಳ್ತೀನಿ. ಕೋಟೆಯಾಗ ಒಬ್ಬ ಅರಸ. ಅವನ ಕಡೆ ಒಂದ ಪುಸ್ತಕ. ಇಬ್ಬರು ಮಕ್ಕಳಿಗೆ ಓದಾಕ ಕೊಟ್ಟ. ಬರೀ ಓದಾಕ ಒಂದ ಪುಸ್ತಕ ಸಾಕು. ಎರಡು ಯಾಕ ಬೇಕು? ಆದ್ರ ಯಾವ ಮಗ ಬರಿಯಾಕ ಲೆಕ್ಕಣಿಕಿ ಎತ್ತಿದ್ರೂ ಕಾವಲುಗಾರ ತಡೀತಿದ್ದ. ನಿಂದ್ರು, ನಿನಗ ಬ್ಯಾರೆ ಪ್ರತಿ ಮಾಡಿ ಕೊಡ್ತೀನಿ, ಅದರಾಗ ಬರಿ ಅಂತಿದ್ದ. ಹಿಂಗಾಗಿ ಒಬ್ಬನು ಬರದದ್ದು ಇನ್ನೊಬ್ಬನ ಪುಸ್ತಕದಾಗ ಬರ್ತಿರಲಿಲ್ಲ."

"ಚಲೋ ಐತಲ್ಲ ಪದ್ಧತಿ."

"ಈ ಯಂತ್ರದ ಮೆಮೊರಿನೂ ಹಂಗ ಐತಿ. ಬೆಳಿಗ್ಗೆ ಎರಡು ಟರ್ಮಿನಲ್‌ಗೆ ಕಾಣೋದು ಒಂದ ಹಾಳಿ, ವಳಕಮದಿನ್ನಿ ಹಾಳಿ. ಯಾರು ಮೊದಲು ಬರೀತಾರ, ಅವರಿಗೆ ಬ್ಯಾರೆ ಪ್ರತಿ. ಕಥಿಯಾಗ ಮುಂದ ಅರಸನ ದಿವಾನ ಬರ್ತಾನ. ಅವನ್ನ ಕಂಡು ಕಾವಲುಗಾರ ಬಗ್ಗಿ ಸಲಾಮು ಮಾಡ್ತಾನ, ತಡಿಯಂಗಿಲ್ಲ. ದಿವಾನ ಹಿರೇ ಮಗನ ಸಲುವಾಗಿ ಅಂತ ಒಳಗ ಹೋಗಿ ಅದ ಪುಸ್ತಕದಾಗ ಬರದ. ಕಿರೇ ಮಗ ಮರುದಿನ ತಗದು ನೋಡ್ತಾನ, ತಾ ಓದಿದ್ದು ಇಲ್ಲ."

ಸಂಗಮ್ಮ ಯಂತ್ರದ ಕಡೆ ಕೈ ತೋರಿಸಿದಳು.

"ಆಪರೇಟಿಂಗ್ ಸಿಸ್ಟಂ ಅನ್ನೋದು ಆ ದಿವಾನ. ನಾವು ಕೀಲಿ ಒತ್ತಿ ಹಾಳಿಯಾಗ ಬರದ್ರ ಪಟ್ಟಿ ಮಾಡೋ ಪ್ರೋಗ್ರಾಂ ಬರೀತೈತಿ, ಅದು ಅರಸನ ಮಗ ಇದ್ದಂಗ, ಅದಕ್ಕ ಕಾವಲು ಐತಿ. ಫ್ಲಾಪಿಯಿಂದ ತಂದು ಹಾಳಿಗೆ ಸುರುವೋದು ದಿವಾನನ ಕೆಲಸ. ಸೋಮವಾರ ವೆಂಕೋಬಣ್ಣ ಸೂತಕದಾಗ ಇದ್ರು. ಶ್ರೀ ಬರೀಲಿಲ್ಲ. ಅವರಿಗೆ ಬ್ಯಾರೆ ಪ್ರತಿ ಆಗಲಿಲ್ಲ. ದಿವಾನ ಮಸ್ಕಿ ಪಟ್ಟಿ ತಂದು ಇಬ್ಬರಿಗೂ ಕೂಡಿ ಇದ್ದ ಹಾಳಿಯಾಗ ಸುರುವಿದ. ಅಮರಮ್ಮನ ಪರದೆ ಹಳೇ ಚಿತ್ರನ ತೋರಸ್ತಿತ್ತು. ಒಳಗ ಹಾಳಿ ಬದಲಾಗಿತ್ತು. ತಲೆಬರಹ ಹಾಳಿಯಾಗ ಇರಂಗಿಲ್ಲ, ಬ್ಯಾರೆ ಇರತೈತಿ, ಅದಕ್ಕ ವಳಕಮದಿನ್ನಿ ಅಂತನ ಉಳೀತು."

"ಹಂಗಾರ ಇಷ್ಟು ದಿನ ಯಾಕ ಆಗಿಲ್ಲ?" ಎಂದರು ಕರಿಬಸಯ್ಯನವರು.

"ವೆಂಕೋಬಣ್ಣನ ಶ್ರೀ ಕಾದೈತಿ. ಅದನ್ನ ಬರದ ಕೂಡ್ಲೆ ಅವರ ಹಾಳಿ ಬ್ಯಾರೆ ಆಗ್ತಿತ್ತು."

ವೆಂಕೋಬ ಟವೆಲ್ಲು ಸರಿಮಾಡಿಕೊಂಡು ಸುತ್ತಲೂ ನೋಡಿದ. "ನಾ ಮೊದಲಿಂದ ಹೇಳಾಕತ್ತೀನಿ," ಎಂದ. ಯಾರೋ ನಕ್ಕರು.

"ದಿವಾನನ್ನ ತಡಿಯಾಕ ದಾರಿ ಇಲ್ಲೇನು ಮತ್ತ?"

"ಐತಿ. ಪ್ರೊಸೆಸರಿನ ಒಳಗ ಹುಕುಂ ಬರದಿಡೋ ಒಂದು ಜಾಗ ಐತಿ, ಕಂಟ್ರೋಲ್ ರಿಜಿಸ್ಟರ್ ಅಂತಾರ. ಅದರಾಗ ಒಂದು ಬಿಟ್ ಏರಿಸಿದ್ರ, ದಿವಾನ ಬಂದ್ರೂ ತಡಿ ಅಂತ ಕಾವಲುಗಾರನಿಗೆ ಹುಕುಂ. ಇಳಿಸಿದ್ರ ಸಲಾಮು. ಇಲ್ಲಿ ಅದನ್ನ ಇಳಿಸಿದ್ರು."

"ಯಾರು?"

ಸಂಗಮ್ಮ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಮಲೀಕಸಾಬರು ಎದ್ದರು.

"ನಾನ್ರಿ."

ಜನವರಿಯ ಕಥೆಯನ್ನು ಅವರು ನಾಲ್ಕೇ ಮಾತಿನಲ್ಲಿ ಹೇಳಿದರು. ಮಂದಿ ಬಿಸಿಲಿನಲ್ಲಿ ನಿಂತದ್ದನ್ನು ಹೇಳಲಿಲ್ಲ. ಸಂಗಮ್ಮ ಅದನ್ನು ಸೇರಿಸಲು ಹೋದಳು. ಅವರು ಕೈ ಅಡ್ಡ ಮಾಡಿದರು. ನಂತರ ಹೊಸ ಫ್ಲಾಪಿಯಿಂದ ಸಿಸ್ಟಂ ತಿದ್ದಿದರು. ಯಂತ್ರ ಎದ್ದಿತು. ಐದನೇ ಅಂಕಿ ಈಗ ಒಂದು. ಶ್ರೀ ಬರೆಯದೆ ಮಸ್ಕಿಯ ಪಟ್ಟಿ ಹಾಕಿದರು. ಅಮರಮ್ಮನ ಪ್ರಿಂಟ್ ಬಂತು: ಮೂರನೇ ತೂಬು, ಮಂಗಳವಾರ. ಈಗ ದಿವಾನ ಬಾಗಿಲಲ್ಲಿ ನಿಂತರೆ ಕಾವಲುಗಾರ ಅವನಿಗೂ ಪ್ರತಿ ಮಾಡಿ ಕೊಡುತ್ತಿದ್ದ. ಗುರುತು ಬರೆಯುವ ತುಣುಕನ್ನೂ ತಿದ್ದಿದ್ದರಿಂದ ಪ್ರಿಂಟರೂ ನಿಲ್ಲಲಿಲ್ಲ.

ಕರಿಬಸಯ್ಯನವರು ಅಮರಮ್ಮನ ಕಡೆ ತಿರುಗಿ ಕೈ ಮುಗಿದರು. "ತಪ್ಪಾತವ್ವ. ನಾಳಿಂದ ಕೆಲಸಕ್ಕ ಬಾ."

"ಬರ್ತೀನ್ರಿ," ಎಂದಳು ಅಮರಮ್ಮ. ಸಭೆಯಲ್ಲಿ ಅವಳ ಮೊದಲ ಮಾತು. "ಆದ್ರ ನೀರುಗಳ್ಳಿ ಅಂದದ್ದು ಇಲ್ಲಿ ಅಲ್ಲರಿ. ಊರ ಬಸ್ ನಿಂದ್ರೂ ಕಟ್ಟಿ ಮುಂದ. ಇಲ್ಲಿ ಹೇಳಿದ್ದು ಅಲ್ಲೀತನ ಹೆಂಗ ಹೋಗ್ತೈತಿ?"

ಮಲೀಕಸಾಬರು ಚಪ್ಪಲಿ ಮೆಟ್ಟಿಕೊಂಡರು.

"ವಳಕಮದಿನ್ನಿಗೆ ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿದರು.

*

ವಳಕಮದಿನ್ನಿಯ ಬಸ್ ಕಟ್ಟೆಯ ಮೇಲೆ ಹೊಲದಿಂದ ಬಂದ ಹೆಂಗಸರು ಕೂತಿದ್ದರು. ಕಾಲಿಗೆ ಇನ್ನೂ ಕೆಸರಿತ್ತು. ಬಸ್ಸಿನಿಂದ ಅಮರಮ್ಮ ಇಳಿದಳು, ಸಂಗಮ್ಮ ಇಳಿದಳು, ಕೊನೆಗೆ ದಪ್ಪ ಕನ್ನಡಕದ ಪರಊರಿನ ಮನುಷ್ಯ ಇಳಿದ. ಹೆಂಗಸರು ತಿರುಗಿ ನೋಡಿದರು.

ಮಲೀಕಸಾಬರು ಕಟ್ಟೆಯ ಮುಂದೆ ನಿಂತರು. ದಿವಾನನ ಕಥೆ ಹೇಳಲಿಲ್ಲ.

"ನಾ ಮಲೀಕಸಾಬ, ಲಿಂಗಸುಗೂರಾಂವ. ಆ ಪಟ್ಟಿ ಯಂತ್ರ ಕೂಡಿಸಿದಾಂವ ನಾನು. ಅದರಾಗ ಒಂದು ತಪ್ಪು ಮಾಡಿದ್ದೆ. ಅದಕ್ಕ ನಿಮ್ಮ ನೀರು ತಪ್ಪಿತು. ಈ ಹುಡುಗಿ ಏನೂ ಮಾಡಿಲ್ಲ. ಬೈಯೂದು ಇದ್ರ ನನ್ನ ಬೈರಿ, ಕೇಳಿ ಹೋಗ್ತೀನಿ."

ತಿಮ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಎರಡು ಮಡಿ ಹೋಗ್ಯಾವ ನಂದು."

"ಹೌದವ್ವ."

"ಈ ಅಮರಿ ಅಣ್ಣ ಮುಂಜಾನೆ ಬಂದು ತನ್ನ ಮಡಿಯಾಗಿನ ಸಸಿ ಒಯ್ಯಿ ಅಂದ. ಕಳ್ಳರ ಸಸಿ ಬ್ಯಾಡ ಅಂತ ಓಡಿಸೀನಿ."

ಅಮರಮ್ಮ ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು.

"ಯಂತ್ರ ತಪ್ಪು ಮಾಡೈತಿ ಅಂತ ಕಾಗದ ಕಳಿಸಿದ್ದಿದ್ರ ನಾ ನಂಬತಿರಲಿಲ್ಲ ಸಾಹೇಬ," ಎಂದಳು ತಿಮ್ಮವ್ವ. "ಯಂತ್ರಕ್ಕೇನು, ಬಾಯಿ ಇಲ್ಲ, ಯಾರ ಬೇಕಾದ್ರೂ ಅದರ ಮ್ಯಾಲ ಹಾಕತಾರ. ಮನಷ್ಯಾ ಬಸ್ ಹತ್ತಿ ಬಂದು ನಂದು ತಪ್ಪು ಅಂದ ಮ್ಯಾಲ ಏನು ಮಾಡೂದು, ನಂಬಬೇಕಾಗ್ತೈತಿ."

ಅವಳು ಕಟ್ಟೆಯ ಮೇಲೆ ಅತ್ತ ಸರಿದಳು. ಕೆಸರಿನ ಕೈಯಿಂದ ಪಕ್ಕದ ಕಲ್ಲು ಒರೆಸಿದಳು.

"ಬಾರ ಅಮರಿ," ಎಂದಳು. "ನಿಮ್ಮಣ್ಣಗ ಹೇಳು, ನಾಳಿ ನಾಕು ಆಳು ಕರಕೊಂಡು ಸಸಿ ಕೀಳಾಕ ಬರ್ತೀನಂತ. ಹೊತ್ತಾದ್ರ ಬಲಿತಾವ."